ಸೆವರಿನ್ ಡಾಕ್ಟರ ಪೆಟ್ರೋಲ್ ಟ್ಯಾಂಕಿ

ಬಲ್ಮಠ, ಮಂಗಳೂರು
11-1-1943

ಅಳಿಯ ಜಯನಿಗೆ ಮಾವ ಲೋಕಯ್ಯನ ಆಶೀರ್ವಾದ.

ಇದು ಯಾರ ಬರಹ ಎಂದು ಲಕೋಟೆಯ ಮೇಲೆಯೇ ನಿನಗೆ ಗೊತ್ತಾಗಿರಬೇಕು. ಅಂಗಡಿಗಳ ಬೋರ್ಡು ಓದಿ ಓದಿ ಕಲಿತ ಅಕ್ಷರ, ಅದಕ್ಕೇ ಇಷ್ಟು ದಪ್ಪ. ನಿನ್ನ ವಿಳಾಸಕ್ಕಾಗಿ ದೇರೆಬೈಲಿಗೆ ಹೋಗಿ ನಿನ್ನ ಅಮ್ಮನ ಜಗಲಿಯಲ್ಲಿ ಅರ್ಧ ಗಂಟೆ ಕುಳಿತೆ. ತಂಗಿ ದೇಯಿ ಬೆಲ್ಲ ನೀರು ಕೊಟ್ಟಳು, ಮಾತಾಡಲಿಲ್ಲ. ನಿನ್ನ ಕಾಗದ ಬಂದರೆ ಶಾಲೆಯ ಮೇಸ್ಟ್ರ ಹತ್ತಿರ ಓದಿಸುತ್ತಾಳಂತೆ. ಓದಲು ಬರುವ ಅಣ್ಣ ಎರಡು ಮೈಲಿ ಆಚೆ ಇದ್ದೇನೆ. ಇರಲಿ.

ಬರೆಯುವ ಕಾರಣ ಹೇಳುತ್ತೇನೆ. ಬಿಜೈಯ ಸೆವರಿನ್ ಡಾಕ್ಟರು ಕಳೆದ ವಾರ ನಮ್ಮ ತಗಡಿನ ಮಳಿಗೆಗೆ ಬಂದಿದ್ದರು. ಯುದ್ಧದ ದೆಸೆಯಿಂದ ಅವರ ಕಾರು ಶೆಡ್ಡಿನಲ್ಲಿ ಕುಳಿತಿದೆ. ಸಿಗುವ ಪೆಟ್ರೋಲ್ ಕೂಪನ್ ವಾರಕ್ಕೆ ಎರಡು ದಿನಕ್ಕೂ ಸಾಲುವುದಿಲ್ಲ. ಇಲ್ಲಿ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಗ್ಯಾಸಿನಲ್ಲಿ ಓಡುತ್ತವೆ. ಏರು ಬಂದರೆ ಟಿಕೇಟು ಕೊಂಡವರೇ ಇಳಿದು ದೂಡಬೇಕು. ಕೂಪನ್ನಿನ ಪೆಟ್ರೋಲಿನಲ್ಲಿ ಹಳೆಯ ಮೋಟಾರ್ ಸೈಕಲಾದರೆ ಇಡೀ ವಾರ ಓಡಿಸಬಹುದು ಎಂಬುದು ಡಾಕ್ಟರ ಲೆಕ್ಕ. ಎಂಜಿನ್ ಸರಿ ಉಂಟು. ಮುಂದಿನ ಮಡ್‌ಗಾರ್ಡ್ ತುಕ್ಕು ತಿಂದು ಹಪ್ಪಳವಾಗಿದೆ, ಅದನ್ನು ನಾನು ಬಡಿದು ಮಾಡುತ್ತೇನೆ. ಟ್ಯಾಂಕಿ ಮಾತ್ರ ಇಲ್ಲ.

ಯಾವ ಮೋಟಾರ್ ಸೈಕಲ್ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಗುವುದಿಲ್ಲ ಡಾಕ್ಟ್ರೇ ಎಂದೇ ನಾನು ಹೇಳಿದ್ದು. ಅವರು ಬಿಡಲಿಲ್ಲ.

"ನಿನ್ನನ್ನು ಬಿಟ್ಟು ಯಾರನ್ನು ಕೇಳುವುದು ಲೋಕಯ್ಯ? ಮೊನ್ನೆ ಕುಲಶೇಖರದ ಆಚೆ ಒಬ್ಬಳು ಹೆರಿಗೆಯಲ್ಲಿ ಹೋದಳು ಮಾರಾಯ. ನಾನು ಸೈಕಲ್ ತುಳಿದು ಮುಟ್ಟುವಾಗ ಅವಳ ಮುಖಕ್ಕೆ ಬಟ್ಟೆ ಹಾಕಿ ಆಗಿತ್ತು. ಐವತ್ತೆಂಟು ವರ್ಷದ ಕಾಲು ಇದು. ಇದಕ್ಕೆ ಯಾವ ಕೂಪನ್ ಉಂಟು?"

ಆಗಲಿ ಎಂದೆ. ಇಂಥ ಹಳೆಯ ಟ್ಯಾಂಕಿ ಊರಲ್ಲಿ ಎಲ್ಲಿಯೂ ಇಲ್ಲ. ಮುಂಬಯಿಯಲ್ಲಿ ನೀನು ಗ್ಯಾರೇಜಿನಲ್ಲಿ ಇದ್ದಿ. ಹುಡುಕಿ ಕೊಡು.

ನನ್ನ ಮಗ ಗುರುವಪ್ಪ ಹೋಗಿ ಈ ಮಾರ್ಚಿಗೆ ಆರು ವರ್ಷ. ಡಾಕ್ಟರ ಅದೇ ಮೋಟಾರ್ ಸೈಕಲಿನ ಟ್ಯಾಂಕಿಗೆ ನಾನೇ ನೀರು ತುಂಬಿಸಿ ನಿಮ್ಮಿಬ್ಬರ ಕೈಗೆ ಕೊಟ್ಟದ್ದು. ಒಳಗೆ ನೀರು ತುಂಬಿದ್ದರೆ ಪೆಟ್ರೋಲಿನ ಹಬೆಗೆ ಜಾಗವಿಲ್ಲ, ಬೆಸುಗೆ ಹಾಕುವಾಗ ಸಿಡಿಯುವುದಿಲ್ಲ. ಇದು ನಮ್ಮ ಕೆಲಸದ ಮೊದಲ ಪಾಠ. ನೀನು ಹಿಡಿದಿದ್ದಿ, ಅವನು ಬೆಸುಗೆ ಹಾಕಿದ. ಭಾರವೆಂದು ನೀನು ನೀರು ಚೆಲ್ಲಿರದಿದ್ದರೆ ಅದು ಸಿಡಿದದ್ದು ಹೇಗೆ? ಹದಿಮೂರನೆಯ ದಿನ, ಅವನ ಉತ್ತರಕ್ರಿಯೆಯ ಬೊಜ್ಜಕ್ಕೆ ಸೇರಿದ ನೆಂಟರೆಲ್ಲರ ಎದುರು ನಿನ್ನನ್ನು ಇದನ್ನೇ ಕೇಳಿದೆ. ನೀನು ಸುಟ್ಟ ಎಡಗೈಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು "ನಾನು ಚೆಲ್ಲಲಿಲ್ಲ ಮಾವ" ಎಂದೆ. ಒಪ್ಪಿಕೊಂಡಿದ್ದರೆ ಅಂದೇ ಮುಗಿಯುತ್ತಿತ್ತು.

ನಮ್ಮ ಅಳಿಯಕಟ್ಟಿನ ಪ್ರಕಾರ ತಂಗಿಯ ಮಗನಿಗೆ ಬರಬೇಕಾದ ಮಳಿಗೆಯನ್ನು ನಾನು ಸ್ವಂತ ಮಗನ ಹೆಸರಿಗೆ ಬರೆಯಲು ಹೊರಟದ್ದಕ್ಕೇ ನೀನು ಹಾಗೆ ಮಾಡಿದಿ ಎಂದು ಕೆಲವರು ಮಾತಾಡಿದರು. ನಾನು ಅದನ್ನು ನಂಬಲಿಲ್ಲ. ನಿನ್ನ ಅತ್ತೆ ನಂಬಿದಳು, ಈಗಲೂ ನಂಬುತ್ತಾಳೆ. ಭಾರ ಹಿಡಿಯುವ ಉದಾಸೀನ ಯಾರಿಗೂ ಬರುತ್ತದೆ. ನನ್ನ ಮಟ್ಟಿಗೆ ನಿನ್ನನ್ನು ಮನ್ನಿಸಿ ಆಗಿದೆ ಎಂದು ತಿಳಿ.

ಕೈ ಈಗ ಮಡಚಲು ಬರುತ್ತದೆಯೇ?

ನಿನ್ನ ಮಾವ
ಲೋಕಯ್ಯ


ಪರೇಲ್, ಮುಂಬಯಿ
3-2-1943

ಮಾವನವರಿಗೆ ಜಯನ ನಮಸ್ಕಾರಗಳು.

ನಿಮ್ಮ ಕಾಗದ ತಲಪಿತು. ಆ ಕಾಲದ ಚಪ್ಪಟೆ ಟ್ಯಾಂಕಿಗಳು ಇಲ್ಲಿಯೂ ಅಪರೂಪ. ಹಳೆಯ ತಗಡೆಲ್ಲ ಮಿಲಿಟರಿಯ ಕೆಲಸಕ್ಕೆ ಕರಗಲು ಹೋಗಿದೆ. ಆದರೂ ನೋಡುತ್ತೇನೆ. ಚೌಕಟ್ಟಿನ ಮೇಲಿನ ಸಲಾಕೆಗೂ ಕೆಳಗಿನದಕ್ಕೂ ನಡುವಿನ ಎತ್ತರ, ಉದ್ದ ಮತ್ತು ಸವಾರನ ಮೊಣಕಾಲಿನ ಹತ್ತಿರದ ಅಗಲ ಬೇಕು.

ಹಳೆಯ ಟ್ಯಾಂಕಿ ನಿಮ್ಮ ಹತ್ತಿರ ಉಂಟೇ? ಇದ್ದರೆ ಅದರ ಹೊರಗಿನ ಅಳತೆ ಮಾತ್ರ ಸಾಕು.

ಎರಡು ಬೆರಳು ಮಡಚುವುದಿಲ್ಲ. ಕೆಲಸಕ್ಕೆ ತೊಂದರೆ ಇಲ್ಲ.

ಜಯ


ಬಲ್ಮಠ
22-2-1943

ಅಳಿಯ ಜಯನಿಗೆ ಲೋಕಯ್ಯನ ಆಶೀರ್ವಾದ.

ನಿನ್ನ ಕಾಗದ ಎಂಟು ಸಾಲು. ನಾಲ್ಕು ಸಲ ಓದಿದೆ, ಉದ್ದ ಆಗಲಿಲ್ಲ.

ಹಳೆಯ ಟ್ಯಾಂಕಿ ಇಲ್ಲ. ಆ ವಾರವೇ ಅದನ್ನು ಗೋಣಿಯಲ್ಲಿ ಕಟ್ಟಿಸಿ ಬಂದರಿನ ಇದಿನಬ್ಬನ ಗುಜಿರಿಗೆ ಸಾಗಿಸಿದ್ದೆ. ನಾನು ಅದನ್ನು ಕಣ್ಣೆತ್ತಿ ನೋಡಿರಲಿಲ್ಲ. ಆದ್ದರಿಂದ ಚೌಕಟ್ಟಿನ ನಡುವಿನ ಜಾಗಕ್ಕೆ ರಟ್ಟು ಕತ್ತರಿಸಿ ಕೂರಿಸಿ ನೋಡಿ, ಅದನ್ನೇ ಮಡಚಿ ಇದರೊಳಗೆ ಇಟ್ಟಿದ್ದೇನೆ. ಪೆನ್ಸಿಲಿನಲ್ಲಿ ಗೆರೆ ಎಳೆದ ಕಡೆ ಅಗಲ ನಾಲ್ಕೂವರೆ ಇಂಚು. ಅದಕ್ಕಿಂತ ಜಾಸ್ತಿಯಾದರೆ ಡಾಕ್ಟರ ಮೊಣಕಾಲು ಅಡ್ಡ ಬಂದು ಗೇರಿನ ಕೋಲು ಸಿಗುವುದಿಲ್ಲ.

ರಟ್ಟು ಕತ್ತರಿಸುವುದನ್ನು ನಿನ್ನ ಅತ್ತೆ ನೋಡಿದಳು. ಅದು ಎಂತದು ಎಂದು ಕೇಳಿದಳು. ಡಾಕ್ಟರ ಟ್ಯಾಂಕಿಯ ಅಳತೆ, ಮುಂಬಯಿಗೆ ಕಳಿಸಲಿಕ್ಕೆ ಎಂದೆ.

"ಮುಂಬಯಿಯಲ್ಲಿ ಯಾರು ಇದ್ದಾರೆ ನಿಮಗೆ?"

ನಾನು ರಟ್ಟನ್ನು ಮಡಚತೊಡಗಿದೆ.

"ನನ್ನ ಮಗನನ್ನು ತಿಂದ ಟ್ಯಾಂಕಿಗೆ ಇನ್ನೊಂದು ಟ್ಯಾಂಕಿ, ಅದನ್ನು ತರಿಸಲಿಕ್ಕೆ ಅವನೇ ಆಗಬೇಕು. ಭಾರಿ ಚಂದ ಉಂಟು. ಬಂದರೆ ಅದಕ್ಕೆ ಹೂ ಹಾಕಿ ಒಳಗೆ ಕರೆಯುತ್ತೇನೆ."

ಹಾಗೆ ಹೇಳಿ ಹೋಗಿ ಅಕ್ಕಿ ಗೇರಲು ಕುಳಿತಳು. ಎರಡು ದಿನ ಊಟ ಬಡಿಸಿದ್ದಾಳೆ, ನನ್ನ ಮುಖ ನೋಡಿಲ್ಲ. ಬಾಗಿ ಅತ್ತೆಯ ಮೇಲೆ ನೀನು ಬೇಸರ ಮಾಡಬೇಡ. ಇಪ್ಪತ್ತೆರಡು ವರ್ಷದ ಮಗ. ಮುಂದೆ ಇನ್ನೊಂದಾಗಲಿಲ್ಲ.

ಒಂದು ಮಾತು ಬರೆಯುತ್ತೇನೆ. ಆ ದಿನ ನೀರು ಚೆಲ್ಲಿದೆ ಎಂದು ಈಗಲಾದರೂ ಒಂದು ಸಾಲು ಬರೆದು ಕಳಿಸಿದರೆ ನಾನು ಅದನ್ನು ಅವಳಿಗೆ ಓದಿ ಹೇಳುತ್ತೇನೆ. ತಪ್ಪಾಯಿತು ಎಂಬ ಮಾತು ಕೇಳಿದರೆ ಅವಳ ಮನಸ್ಸು ಇಳಿಯಬಹುದು. ನಿನಗೂ ಊರಿಗೆ ಬರುವ ದಾರಿ ಆಗುತ್ತದೆ. ದೇಯಿಗೆ ವಯಸ್ಸಾಯಿತು. ಯೋಚನೆ ಮಾಡು.

ನಿನ್ನ ಒಳ್ಳೆಯದನ್ನೇ ಬಯಸುವ
ಲೋಕಯ್ಯ


ಪರೇಲ್
30-3-1943

ಮಾವನವರಿಗೆ ನಮಸ್ಕಾರಗಳು.

ಟ್ಯಾಂಕಿ ಸಿಕ್ಕಿತು. ಮಜಗಾಂವಿನಲ್ಲಿ ಕಬೀರ್ ಎಂಬವರ ಗೋದಾಮಿನಲ್ಲಿ ಪಾರಿವಾಳಕ್ಕೆ ನೀರಿಡುವ ಕಲ್ಲಿನ ಅಡಿಯಲ್ಲಿ ಇತ್ತು. ಪಾರಿವಾಳಗಳ ಒಪ್ಪಿಗೆ ಕೇಳಿ ಕೊಡುತ್ತೇನೆ ಎಂದು ಹೇಳಿ ಮೂರು ಸಲ ನಡೆಸಿದರು.

ಅಡಿಯಲ್ಲಿ ಒಂದು ತೂತು ಇತ್ತು, ನಾನೇ ಬೆಸುಗೆ ಹಾಕಿದ್ದೇನೆ. ಸೋರುವುದಿಲ್ಲ. ಅಗಲ ನಿಮ್ಮ ಗೆರೆಗಿಂತ ಅರ್ಧ ಇಂಚು ಜಾಸ್ತಿ. ಗೇರಿನ ಕೋಲನ್ನು ಅಷ್ಟು ಹೊರಗೆ ಬಗ್ಗಿಸಿದರೆ ಸಾಕು. ಟ್ಯಾಂಕಿಯನ್ನು ಬಿಚ್ಚಬೇಡಿ. ನೀವು ಅದಕ್ಕೆ ಬೆಂಕಿ ತೋರಿಸುವ ಕೆಲಸ ಏನೂ ಇಲ್ಲ. ಇದನ್ನು ದಯವಿಟ್ಟು ಕೇಳಿ.

ಇದಿನಬ್ಬನವರ ಸಂಬಂಧದವರು ಒಬ್ಬರು ಹಂಚು ಇಳಿಸಲು ಬಂದಿದ್ದಾರೆ. ಅವರ ಸರಕಿನ ಹಾಯಿದೋಣಿ, ಮಂಜಿ, ಮಳೆಗಾಲಕ್ಕೆ ಮುಂಚೆ ಮಂಗಳೂರಿಗೆ ಮರಳುತ್ತದೆ. ಅದರಲ್ಲಿ ಹಾಕುತ್ತೇನೆ. ರೈಲಿನಲ್ಲಿ ಕಳಿಸಿದರೆ ಯಾರ ಕೈಗೆ ಸಿಗುತ್ತದೋ ಹೇಳಲಾಗದು.

ನೀವು ಕೇಳಿದ ಒಂದು ಸಾಲನ್ನು ಬರೆಯಲು ಆಗುವುದಿಲ್ಲ. ಕ್ಷಮಿಸಬೇಕು.

ಜಯ


ಬಲ್ಮಠ
1-5-1943

ಅಳಿಯ ಜಯನಿಗೆ ಆಶೀರ್ವಾದ.

ನಿನ್ನೆ ಇದಿನಬ್ಬ ಟ್ಯಾಂಕಿಯನ್ನು ತಲೆಯ ಮೇಲೆ ಇಟ್ಟುಕೊಂಡು ಬಲ್ಮಠದ ಗುಡ್ಡ ಹತ್ತಿ ಬಂದ. "ಲೋಕಯ್ಯಣ್ಣ, ನಿಮ್ಮ ಅಳಿಯ ಇದನ್ನು ಮೂರು ಗೋಣಿಯಲ್ಲಿ ಸುತ್ತಿದ್ದಾನೆ. ನಮ್ಮ ಮಂಜಿಯಲ್ಲಿ ಇಷ್ಟು ಚಂದ ಮಾಡಿ ಹೆಣ್ಣನ್ನೂ ಗಂಡನ ಮನೆಗೆ ಕಳಿಸುವುದಿಲ್ಲ" ಎಂದು ನಗಾಡಿದ. ನಿನ್ನ ಬೆಸುಗೆ ನೋಡಿದೆ. ಉಗುರು ಎಳೆದರೆ ಸಿಗುವುದಿಲ್ಲ, ಅಷ್ಟು ನಯ. ಎರಡು ಬೆರಳು ಮಡಚದ ಕೈಯಲ್ಲಿ ಹೀಗೆ ಮಾಡಿದ್ದೀಯಲ್ಲ ಎಂದು ಬಹಳ ಹೊತ್ತು ಅದನ್ನೇ ಸವರಿಕೊಂಡು ಕುಳಿತೆ.

ಆದರೆ ಗೇರಿನ ಕೋಲು ಬಗ್ಗಿಸಲಾಗದು. ಎರಕದ್ದು, ಮುರಿಯುತ್ತದೆ. ಟ್ಯಾಂಕಿಯನ್ನೇ ಅಡಿಯಿಂದ ಬಿಚ್ಚಿ, ಬದಿಯಲ್ಲಿ ಅರ್ಧ ಇಂಚು ಒಳಗೆ ತಟ್ಟಿ ಮತ್ತೆ ಕೂಡಿಸಬೇಕು. ಬಿಚ್ಚಬೇಡಿ ಎಂದು ನೀನು ಬರೆದದ್ದು ನೆನಪಿದೆ. ಮಾವನಿಗೆ ವಯಸ್ಸಾಯಿತು, ಕೈ ನಡುಗುತ್ತದೆ ಎಂದು ನಿನ್ನ ಹೆದರಿಕೆ ಇರಬೇಕು. ನಲವತ್ತು ವರ್ಷ ಇದೇ ಮಾಡಿದವನು ನಾನು. ನೀರು ತುಂಬಿಸದೆ ಬೆಂಕಿ ಹತ್ತಿರ ತರುವವನಲ್ಲ.

ಡಾಕ್ಟರು ದಿನಾ ಬಂದು ಟ್ಯಾಂಕಿ ಬಂತೇ ಎಂದು ಕೇಳಿ ಹೋಗುತ್ತಿದ್ದರು. ನಾಳೆ ಬೆಳಿಗ್ಗೆ ಕೈ ಹಾಕುತ್ತೇನೆ.

ಲೋಕಯ್ಯ


ಬಲ್ಮಠ
9-5-1943

ಜಯ,

ಏಳು ದಿನದಿಂದ ಈ ಕಾಗದವನ್ನು ಬರೆದು ಹರಿಯುತ್ತಾ ಇದ್ದೇನೆ.

ಬಿಚ್ಚುವ ಮೊದಲು ನೀರು ತುಂಬಿಸಲು ಬಾವಿಯ ಕಟ್ಟೆಗೆ ತೆಗೆದುಕೊಂಡು ಹೋದೆ. ಮುಂದಿನ ಮುಚ್ಚಳ ತಿರುಗಿಸಿ ಹೊಯ್ದೆ. ಎರಡು ಚೆಂಬಿಗೇ ನೀರು ಬಾಯಿಗೆ ಬಂದು ಚೆಲ್ಲಿತು. ಹಿಂದೊಂದು ಮುಚ್ಚಳ ಇದೆಯಲ್ಲ, ಆರು ವರ್ಷದ ಹಿಂದೆ ಅದು ಗಾಳಿಗೆ ಎಂದು ಎಣಿಸಿ ಬಿಟ್ಟಿದ್ದೆ. ಈ ಸಲ ಏನೋ ಮನಸ್ಸಾಗಿ ಅದನ್ನೂ ತೆಗೆದು ಒಳಗೆ ನೋಡಿದೆ. ಬಿಸಿಲು ನೇರ ಒಳಗೆ ಬಿದ್ದಿತ್ತು. ತಗಡು ಒಣಗಿಕೊಂಡು ಇತ್ತು. ಒಂದು ಹನಿ ಇಲ್ಲ.

ಡಾಕ್ಟರನ್ನು ಕರೆಸಿ ಕೇಳಿದೆ. "ಮುಂದಿನದು ಎಂಜಿನ್ ಎಣ್ಣೆಗೆ, ಹಿಂದಿನದು ಪೆಟ್ರೋಲಿಗೆ. ನಡುವೆ ಗೋಡೆ ಉಂಟಲ್ಲ. ನಿನಗೆ ಗೊತ್ತಿಲ್ಲವೇ?" ಎಂದರು. ಕಾರಿನ ಟ್ಯಾಂಕಿ ನೂರು ಬಿಚ್ಚಿದ್ದೇನೆ, ಸೀಮೆಣ್ಣೆ ಡಬ್ಬ ಎಷ್ಟೆಂದು ತಿಳಿಯದು. ಮೋಟಾರ್ ಸೈಕಲಿನದು ಅಂದು ಬಂದದ್ದೇ ಮೊದಲು. ತಗಡಿನ ಕೆಲಸದವನು ಹೋಗಿ ಡಾಕ್ಟರ ಹತ್ತಿರ ತಗಡಿನ ವಿಷಯ ಕೇಳುವುದೇ ಎಂದು ಅಂದು ನಾನು ಕೇಳಿರಲಿಲ್ಲ. ಅವರು ಆಗ ಊರಲ್ಲೇ ಇದ್ದರು.

ಅಡಿ ಬಿಚ್ಚಿ ನೋಡಿದೆ. ಗೋಡೆ ಉಂಟು. ಕೈ ಇಟ್ಟು ನೋಡಿದೆ.

ಜಯ, ಆ ದಿನವೂ ಎರಡೇ ಚೆಂಬು. ಇಷ್ಟು ದೊಡ್ಡ ಟ್ಯಾಂಕಿಗೆ ಎರಡೇ ಚೆಂಬು ಹೇಗೆ ಸಾಕಾಯಿತು ಎಂದು ನನಗೆ ಅಂದೇ ಅನ್ನಿಸಿತ್ತು. ಮೊದಲು ತೊಳೆಯಲು ಹಾಕಿದ ಸೋಡಾ ನೀರು ಒಳಗೆ ಉಳಿದಿರಬೇಕು ಎಂದುಕೊಂಡೆ. ಊಟದ ಹೊತ್ತಾಗಿತ್ತು. ಈ ವಿಷಯ ನಾನು ಯಾರಿಗೂ ಹೇಳಿಲ್ಲ. ಬೊಜ್ಜದ ದಿನ ನೆಂಟರ ಎದುರು ನಿನ್ನನ್ನು ಕೇಳುವಾಗಲೂ ಇದು ನನ್ನ ತಲೆಯ ಒಂದು ಮೂಲೆಯಲ್ಲಿ ಇತ್ತು. ಅದರ ಮೇಲೆ ನಿನ್ನನ್ನು ತಂದು ನಿಲ್ಲಿಸಿದೆ.

ನೀನು ನೀರು ಚೆಲ್ಲಲಿಲ್ಲ. ಪೆಟ್ರೋಲಿನ ಕೋಣೆಗೆ ನೀರು ಹೋಗಿರಲೇ ಇಲ್ಲ. ಗುರುವಪ್ಪನ ಕೈಗೆ ಕಾದ ಬೆಸುಗೆ ಕಡ್ಡಿ ಕೊಟ್ಟು, ನೀರು ತುಂಬಿ ಆಗಿದೆ ಹಾಕು ಮಗ ಎಂದವನು ನಾನು.

ಮನ್ನಿಸಿದ್ದೇನೆ ಎಂದು ಬರೆದಿದ್ದೆ ನಿನಗೆ. ಆ ಕಾಗದ ಇದ್ದರೆ ಸುಟ್ಟುಬಿಡು.

ಬಾಗಿಗೆ ಹೇಳಿಲ್ಲ. ಹೇಳಲು ಬಾಯಿ ತೆರೆದರೆ ಅವಳು "ಎಂತ?" ಎನ್ನುತ್ತಾಳೆ. ಚಾ ಬೇಕು ಎನ್ನುತ್ತೇನೆ.

ಲೋಕಯ್ಯ


ಪರೇಲ್
23-5-1943

ಪ್ರೀತಿಯ ಮಾವನವರಿಗೆ,

ಬಿಚ್ಚಬೇಡಿ ಎಂದು ಬರೆದದ್ದು ಇದಕ್ಕೇ.

ಇಲ್ಲಿಗೆ ಬಂದ ಮರು ವರ್ಷ, ಮೂವತ್ತೆಂಟರ ಮಳೆಗಾಲದಲ್ಲಿ ಅಂಥದೊಂದು ಟ್ಯಾಂಕಿ ನಮ್ಮ ಗ್ಯಾರೇಜಿಗೆ ಬಂತು. ಮಿಸ್ತ್ರಿ ನೂರ್ ಮುಹಮ್ಮದ್ ಎರಡೂ ಬಾಯಿಗೆ ನೀರು ತುಂಬಿಸಿದರು. ಯಾಕೆ ಎರಡಕ್ಕೂ ಎಂದು ಕೇಳಿದೆ. ಹೇಳಿದರು. ನಾನು ಹೊರಗೆ ಹೋಗಿ ರಸ್ತೆಯಲ್ಲಿ ಕುಳಿತೆ. ಜ್ವರವೇನೋ ಎಂದುಕೊಂಡು ರಜೆ ಕೊಟ್ಟರು.

ಅಂದೇ ನಿಮಗೆ ಬರೆಯಲು ಕಾಗದ ತಂದೆ. ಬರೆದು ಎಂತ ಮಾಡುವುದು ಮಾವ? ನಾನು ಸುಳ್ಳುಗಾರ ಅಲ್ಲ ಎಂದು ಆಗುತ್ತಿತ್ತು. ಆದರೆ ಅತ್ತೆಗೆ ಮಗ ಇಲ್ಲ, ಮನೆಯಲ್ಲಿ ಇರುವುದು ನೀವು ಒಬ್ಬರೇ. ನನ್ನನ್ನು ಬೈದುಕೊಂಡಾದರೂ ನಿಮ್ಮ ಮುಂದೆ ಬಾಳೆಲೆ ಹಾಕುತ್ತಾರೆ. ಅದನ್ನೂ ಕಿತ್ತುಕೊಳ್ಳಬೇಕೇ ಎಂದು ಕಾಗದವನ್ನು ಮಡಚಿ ಇಟ್ಟೆ. ಇಟ್ಟದ್ದು ನಿಮ್ಮ ಮೇಲಿನ ಪ್ರೀತಿಯಿಂದಲೇ ಎಂದು ಹೇಳಲಾರೆ. ಸಿಟ್ಟೂ ಇತ್ತು. ಎಂದಾದರೂ ನಿಮಗೇ ಗೊತ್ತಾಗಲಿ, ಆಗ ನೋಡೋಣ ಎಂಬ ಸಿಟ್ಟು. ಈಗ ಗೊತ್ತಾಗಿದೆ. ನನಗೆ ಸಂತೋಷ ಆಗಲಿಲ್ಲ.

ಅತ್ತೆಗೆ ಹೇಳಬೇಡಿ. ನನಗೆ ಈ ಕೆಟ್ಟ ಹೆಸರು ಅಭ್ಯಾಸವಾಗಿದೆ. ಇಲ್ಲಿ ಯಾರಿಗೂ ಅದು ಗೊತ್ತಿಲ್ಲ. ಅಮ್ಮನನ್ನು ಬರುವ ವರ್ಷ ಇಲ್ಲಿಗೇ ಕರೆದುಕೊಂಡು ಬರುತ್ತೇನೆ. ನಿಮ್ಮ ವಯಸ್ಸಿನಲ್ಲಿ ಮನೆಯೊಳಗೇ ಒಬ್ಬರು ಮುಖ ತಿರುಗಿಸಿದರೆ ಬದುಕುವುದು ಹೇಗೆ?

ಟ್ಯಾಂಕಿ ಕೂಡಿಸುವಾಗ ಎರಡಕ್ಕೂ ನೀರು ತುಂಬಿಸಿ.

ನಿಮ್ಮ
ಜಯ


ಬಲ್ಮಠ, ಮಂಗಳೂರು
4-7-1943

ಜಯನಿಗೆ ಬಾಗಿ ಅತ್ತೆ ಬರೆಸುವ ಕಾಗದ.

ನನಗೆ ಅಕ್ಷರ ಬಾರದು. ಬರೆಯುವುದು ಇವರೇ. ನಾನು ಹೇಳಿದ ಹಾಗೆಯೇ ಬರೆಯಬೇಕು, ಒಂದು ಮಾತೂ ಬಿಡಬಾರದು, ತಮ್ಮದು ಎಂತದೂ ಸೇರಿಸಬಾರದು ಎಂದು ಹೇಳಿದ್ದೇನೆ. ಮುಗಿದ ಮೇಲೆ ಡಾಕ್ಟರ ಹತ್ತಿರ ಓದಿಸಿ ಕೇಳಿಯೇ ಟಪಾಲಿಗೆ ಹಾಕುವುದು.

ಇವರು ನನಗೆ ಹೇಳಿದರು. ಹನ್ನೆರಡು ದಿನ ಆಯಿತು. ನಾನು ಬೂತಾಯಿ ಕೊಯ್ಯುತ್ತಾ ಇದ್ದೆ. ಪೂರಾ ಹೇಳಿದರು, ಎರಡು ಚೆಂಬಿನ ವಿಷಯ ಕೂಡಾ. ನಾನು ಮೀನು ಪೂರಾ ಕೊಯ್ದೆ, ತೊಳೆದೆ, ಉಪ್ಪು ಹಾಕಿ ಇಟ್ಟೆ. ಕೈ ತೊಳೆದು ಬಂದು, ಇನ್ನೊಂದು ಸಲ ಹೇಳಿ ಎಂದೆ. ಇನ್ನೊಂದು ಸಲ ಹೇಳಿದರು.

ನೀನು ಹೇಳಬೇಡಿ ಎಂದು ಬರೆದ ಕಾಗದವನ್ನೂ ಓದಿಸಿದೆ. ನಿನ್ನ ಮೇಲೆ ನನಗೆ ಕೋಪ ಉಂಟು ಜಯ. ನೀವಿಬ್ಬರೂ ನನ್ನನ್ನು ಎಂತ ಎಂದು ತಿಳಿದಿರಿ? ಒಬ್ಬರಿಗೆ ಹೇಳಲು ಹೆದರಿಕೆ, ಒಬ್ಬನಿಗೆ ಹೇಳದಿರುವುದೇ ದೊಡ್ಡತನ. ನಡುವೆ ನಾನು ಆರು ವರ್ಷ ತಪ್ಪು ಮನುಷ್ಯನಿಗೆ ಶಾಪ ಹಾಕಿಕೊಂಡು ಇದ್ದೆ. ನಿನ್ನ ಅಮ್ಮ ದಾರಿಯಲ್ಲಿ ಎದುರು ಬಂದರೆ ಉಗುಳಿ ಹೋದವಳು ನಾನು. ಅದನ್ನು ಯಾರು ಒರೆಸುತ್ತಾರೆ?

ದೇರೆಬೈಲಿಗೆ ಹೋಗಿದ್ದೆ. ದೇಯಿ ಬಾಗಿಲಿಗೆ ಬಂದಳು. ಅವಳ ಕಾಲು ಹಿಡಿಯಲು ಬಗ್ಗಿದೆ, ಬಿಡಲಿಲ್ಲ. "ಎಂತ ಅತ್ತಿಗೆ, ನಿಮಗೆ ಈಗ ಗೊತ್ತಾಯಿತಾ? ನನಗೆ ಅಂದೇ ಗೊತ್ತಿತ್ತು. ನನ್ನ ಮಗ ಸುಳ್ಳು ಹೇಳುವಾಗ ಕಿವಿ ಮುಟ್ಟಿಕೊಳ್ಳುತ್ತಾನೆ. ಅಂದು ಮುಟ್ಟಲಿಲ್ಲ" ಎಂದಳು. ಅಷ್ಟೇ. ಗಂಜಿ ಬಡಿಸಿದಳು. ಉಂಡೆ.

ಆ ಟ್ಯಾಂಕಿಯನ್ನು ಇವರು ಬಿಚ್ಚಿ ಹಾಗೇ ಬಿಟ್ಟಿದ್ದರು, ಕೈ ಹೋಗುವುದಿಲ್ಲ ಎಂದು. ಯಾರದ್ದೋ ಮನೆಯ ಹೆಂಗಸು ಹೆರಿಗೆಯಲ್ಲಿ ಸಾಯುತ್ತಿದ್ದರೆ ನಿಮ್ಮ ಕೈ ಹೋಗದಿದ್ದರೆ ಹೇಗೆ ಎಂದು ನಾನೇ ಮಾಡಿಸಿದೆ. ಬೆಸುಗೆ ಹಾಕುವಾಗ ಎದುರಿಗೆ ಮಣೆ ಹಾಕಿ ಕುಳಿತೆ. ದೂರ ಹೋಗು ಎಂದರು. ಹೋಗಲಿಲ್ಲ. ನನ್ನ ಮಗ ಹೇಗೆ ಕುಳಿತಿದ್ದ, ಎಲ್ಲಿ ಕುಳಿತಿದ್ದ ಎಂದು ಕೇಳಿದೆ. ತೋರಿಸಿದರು. ಏನೂ ಆಗಲಿಲ್ಲ. ಡಾಕ್ಟರು ಅದನ್ನು ಸದ್ದು ಮಾಡಿಕೊಂಡು ತೆಗೆದುಕೊಂಡು ಹೋದರು.

ಇವರೊಡನೆ ಆ ದಿನದಿಂದ ನಾನು ಮಾತಾಡಿದ್ದು ಬೇಕಾದಷ್ಟಕ್ಕೆ ಮಾತ್ರ. ಅನ್ನ ಬಡಿಸುತ್ತೇನೆ. ನನ್ನ ಎದುರು ಕುಳಿತು ಉಣ್ಣಬಾರದು ಎಂದು ಹೇಳಿದ್ದೇನೆ. ಜಗಲಿಯಲ್ಲಿ ಉಣ್ಣುತ್ತಾರೆ. ಈ ಮಾತಿಗೆ ಇವರ ಕೈ ನಿಂತಿತು. ಬರೆಯಿರಿ ಎಂದೆ. ಬರೆದಿದ್ದಾರೆ.

ಈಗ ಮುಖ್ಯ ಮಾತು. ಆಟಿ ತಿಂಗಳು ಬರುತ್ತಿದೆ. ಆಟಿಯಲ್ಲಿ ಸತ್ತವರಿಗೆ ಬಡಿಸುವ ದಿನ, ಗುರುವಪ್ಪನಿಗೆ ಎಲೆ ಹಾಕುವಾಗ, ಬೊಜ್ಜಕ್ಕೆ ಬಂದವರನ್ನೆಲ್ಲ ಕರೆಯಬೇಕು ಎಂದು ಇವರಿಗೆ ಹೇಳಿದ್ದೇನೆ. ನೆಂಟರು, ನೆರೆಯವರು, ಇದಿನಬ್ಬ, ಡಾಕ್ಟರು. ಇಬ್ಬರು ಮೂವರು ತೀರಿಕೊಂಡಿದ್ದಾರೆ, ಅವರ ಮನೆಯವರು ಬರಲಿ. ನಿನ್ನನ್ನು ಅಂದು ಎಷ್ಟು ಜನರ ಎದುರು ಕೇಳಿದರೋ ಅಷ್ಟೇ ಜನರ ಎದುರು, ಅದೇ ಅಂಗಳದಲ್ಲಿ ನಿಂತು ಇವರು ಹೇಳಬೇಕು. ನನಗೆ ಒಬ್ಬಳಿಗೇ ಹೇಳಿದರೆ ಆಗುವುದಿಲ್ಲ. ಇವರು ಹೂಂ ಎಂದಿದ್ದಾರೆ.

ಇವರು ಹೇಳುವಾಗ ನೀನು ಅಲ್ಲಿ ಇದ್ದರೆ ಒಳ್ಳೆಯದು. ಬಂದರೆ ಗುರುವಪ್ಪನ ಎಲೆಗೆ ನೀನು ಬಡಿಸು, ನೀವಿಬ್ಬರೂ ಒಂದೇ ಬಟ್ಟಲಲ್ಲಿ ಉಂಡು ಬೆಳೆದವರು. ಆದರೆ ನಾನು ಸುಳ್ಳು ಬರೆಸುವುದಿಲ್ಲ. ನಿನ್ನನ್ನು ಕಂಡರೆ ನನಗೆ ಎಂತ ಆಗುತ್ತದೆ ಎಂದು ನನಗೇ ಗೊತ್ತಿಲ್ಲ. ಆರು ವರ್ಷ ಬೈದ ಬಾಯಿ ಇದು. ನಿನ್ನ ಹೆಸರು ಹೇಳುವಾಗ ಈಗಲೂ ಮೊದಲು ಅದೇ ಮಾತು ಬರುತ್ತದೆ, ನುಂಗುತ್ತೇನೆ. ಅಳುತ್ತೇನೋ, ಒಳಗೆ ಹೋಗಿ ಬಾಗಿಲು ಹಾಕುತ್ತೇನೋ. ಹಾಕಿದರೆ ನೀನು ಹೋಗಬೇಡ. ಜಗಲಿಯಲ್ಲಿ ಜಾಗ ಉಂಟು, ನಿನ್ನ ಮಾವನ ಹತ್ತಿರ ಕುಳಿತುಕೊ. ನಾನು ತೆರೆಯುತ್ತೇನೆ.

ಬರೆಸಿದವಳು
ಬಾಗಿ
(ಹೆಬ್ಬೆರಳ ಗುರುತು)

ಬರೆದ ಕೈ: ಲೋಕಯ್ಯ